ಬಾನೆಟ್ ಎತ್ತದ ಮಹನೀಯರು

ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುವುದರಲ್ಲಿ ನಾವು ಕನ್ನಡಿಗರು ಯಾರನ್ನೂ ಬಿಟ್ಟವರಲ್ಲ. ನಿವೃತ್ತರಾದವರಿಗೆ ಆಗಿದೆ, ನಿವೃತ್ತರಾಗಲು ಒಪ್ಪದವರಿಗೂ ಆಗಿದೆ. ಆದರೂ ಒಂದು ವರ್ಗ ಮಾತ್ರ ನಮ್ಮ ಕಣ್ತಪ್ಪಿನಿಂದ ಉಳಿದುಬಿಟ್ಟಿದೆ. ಇವರು ಟರ್ಬೊ ಕಾರು ಕೊಂಡು, ಆಗೊಮ್ಮೆ ಈಗೊಮ್ಮೆ ರೇಸ್ ಟ್ರ್ಯಾಕಿಗೆ ಹೋಗಿ, ದುಡ್ಡು ಕಟ್ಟಿ ದಿನವಿಡೀ ಓಡಿಸಿ, ಎಂಜಿನ್ ಆಯಿಲ್ ಎಂಬ ವಸ್ತುವಿನ ಬಗ್ಗೆ ಅರೆಗಳಿಗೆಯೂ ಯೋಚಿಸದೆ ಮನೆಗೆ ಮರಳುವವರು. ಕೆಲವು ಸಲ ಕಾರಿನಲ್ಲಿ ಮರಳುತ್ತಾರೆ, ಕೆಲವು ಸಲ ರೈಲಿನಲ್ಲಿ. ಅಹಮದಾಬಾದ್, ವಡೋದರಾ, ಸೂರತ್ ಎಂಬ ಮೂರು ಊರುಗಳಲ್ಲಿ ಇಂಥವರನ್ನು ಹತ್ತಿರದಿಂದ ಕಂಡ ಪುಣ್ಯ ನನ್ನದು. ಇದು ಅವರಿಗೆ ಅರ್ಪಿಸುವ ಬಿನ್ನವತ್ತಳೆ.

ಮೊದಲು ಆ ನೆಲದ ಮಹಿಮೆ. ಖಂಭಾತ್ ಪಕ್ಕದ ಲುಣೇಜಿನಲ್ಲಿ 1958ರಲ್ಲಿ ಎಣ್ಣೆ ಸಿಕ್ಕಿತು. ವಡೋದರಾಕ್ಕೂ ಸೂರತ್ತಿಗೂ ನಡುವಿನ ಅಂಕಲೇಶ್ವರದಲ್ಲಿ 1960ರಲ್ಲಿ ಸಿಕ್ಕಿತು. 1965ರಲ್ಲಿ ವಡೋದರಾದ ಮಗ್ಗುಲಿಗೇ ಕೋಯಲಿಯ ರಿಫೈನರಿ ಶುರುವಾಯಿತು. ಅತ್ತ ಜಾಮ್‌ನಗರದ ವಿಷಯ ಹೇಳುವುದೇ ಬೇಡ. ಕಾಲ ಕೆಳಗೆ ಇಷ್ಟೊಂದು ಎಣ್ಣೆ ಇರುವಾಗ, ಎಂಜಿನ್ನಿನ ಚೇಂಬರಿನಲ್ಲಿ ಮುಕ್ಕಾಲು ಲೀಟರ್ ಕಡಿಮೆಯಾಯಿತೆಂದು ಕೊರಗುವುದು ಸಣ್ಣತನವಲ್ಲದೆ ಮತ್ತೇನು?

ಟರ್ಬೊ ಕಾರುಗಳಿಗೂ ಅದು ತವರು. ಹಾಲೋಲಿನಲ್ಲಿ ಜನರಲ್ ಮೋಟರ್ಸ್ ಬಿಟ್ಟುಹೋದ ಕಾರ್ಖಾನೆಯಿಂದಲೇ 2019ರಲ್ಲಿ ಎಂಜಿ ಕಂಪನಿಯ ಹೆಕ್ಟರ್ ಹೊರಬಂತು, ಒಂದೂವರೆ ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಹೊತ್ತು. ಬೇಚರಾಜಿ ಬಳಿಯ ಹಂಸಲಪುರದಲ್ಲಿ ಸುಜುಕಿಯ ಕಾರ್ಖಾನೆ. ಸಾಣಂದ್‌ನಲ್ಲಿ ಟಾಟಾ, ಅಲ್ಲಿ ತಯಾರಾಗುವ ಟಿಯಾಗೊ, ಟಿಗೋರ್‌ಗಳಿಗೆ 2018ರಲ್ಲಿ ಕೊಯಮತ್ತೂರಿನ ಜಯೆಮ್‌ನವರು ಕೈಹಾಕಿ, ಜೆಟಿಪಿ ಎಂಬ ಹೆಸರಿನ ಟರ್ಬೊ ಅವತಾರ ಎತ್ತಿಸಿದ್ದರು. ಇಷ್ಟೆಲ್ಲ ಇರುವ ರಾಜ್ಯದಲ್ಲಿ ಇಲ್ಲದಿರುವುದು ಒಂದೇ: ಹೇಳಿಕೊಳ್ಳುವಂಥ ರೇಸ್ ಟ್ರ್ಯಾಕ್. ಹಾಗಾಗಿ ನಮ್ಮ ಮಹನೀಯರು ಕಾರನ್ನು ಲಾರಿಗೆ ಹಾಕಿಯೋ ತಾವೇ ಓಡಿಸಿಕೊಂಡೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ, ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈಗೆ, ಇಲ್ಲವೇ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿಗೆ ಯಾತ್ರೆ ಹೊರಡುತ್ತಾರೆ. ಎರಡು ಕಿಲೋಮೀಟರ್ ಚಿಲ್ಲರೆ ಉದ್ದದ ಕರಿ ಟ್ರ್ಯಾಕಿನ ಸಲುವಾಗಿ ಅರ್ಧ ದೇಶ ದಾಟುವ ಈ ಭಕ್ತಿಯನ್ನು ಕಂಡರೆ ಪಂಢರಪುರದ ವಾರಕರಿಗಳೂ ದಾರಿ ಬಿಟ್ಟುಕೊಡುತ್ತಾರೆ.

ಊರಲ್ಲೇ ರೇಸ್ ಮುಗಿಸುವ ಇನ್ನೊಂದು ಪಂಗಡವೂ ಇದೆ. ಅಹಮದಾಬಾದಿನ ಎಸ್.ಜಿ. ಹೈವೇ, ಸಿಂಧು ಭವನ್ ರಸ್ತೆ, ಸೂರತ್ತಿನ ಡುಮಸ್ ರಸ್ತೆಗಳು ರಾತ್ರಿ ಹನ್ನೊಂದರ ಮೇಲೆ ಅವರ ಪಾಲಿಗೆ ಟ್ರ್ಯಾಕು. 2023ರ ಜುಲೈನಲ್ಲಿ ಇದೇ ಎಸ್.ಜಿ. ಹೈವೇಯ ಇಸ್ಕಾನ್ ಮೇಲ್ಸೇತುವೆಯಲ್ಲಿ ಅತಿವೇಗದ ಕಾರೊಂದು ಜನರ ಗುಂಪಿಗೆ ನುಗ್ಗಿ ಒಂಬತ್ತು ಮಂದಿ ಸತ್ತರು. ಈ ಪಂಗಡವನ್ನು ತಮಾಷೆಗೂ ಹೊಗಳಲು ನನ್ನಿಂದಾಗದು; ಅವರನ್ನು ಇಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇನೆ. ಹೆಲ್ಮೆಟ್ ಹಾಕಿಕೊಂಡು, ಶುಲ್ಕ ಕಟ್ಟಿ, ಬೇಲಿಯೊಳಗೆ ಓಡಿಸಿ, ತಮ್ಮ ಎಂಜಿನ್ನನ್ನು ಬಿಟ್ಟು ಬೇರಾರನ್ನೂ ಕೊಲ್ಲದ ಸಜ್ಜನರಿಗೆ ಮಾತ್ರ ಈ ಶಾಲು.

ಇವರ ಮೊದಲ ಗುಣ ಸಂಯಮ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪವೊಂದಿದೆ. ಅದು ಹೊತ್ತುವ ತನಕ ಇವರು ಆಯಿಲ್ ವಿಚಾರಕ್ಕೆ ಕೈಹಾಕುವುದಿಲ್ಲ. ಆ ದೀಪ ಆಯಿಲ್ ಎಷ್ಟಿದೆಯೆಂದು ಹೇಳುವುದಿಲ್ಲ, ಒತ್ತಡ ಸತ್ತಿದೆಯೆಂದು ಹೇಳುತ್ತದೆ. ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್‌ಗಿಂತ ಕೆಳಗಿಳಿದ ಮೇಲೆಯೇ ಅದಕ್ಕೆ ಎಚ್ಚರ. ಆರು ಸಾವಿರ ಆರ್‌ಪಿಎಂನಲ್ಲಿ ಓಡುವ ಎಂಜಿನ್ನಿಗೆ ಹಲವು ಬಾರ್ ಒತ್ತಡ ಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಬೇರಿಂಗುಗಳ ಕಥೆ ಮುಗಿದಿರುತ್ತದೆ. ನೆಂಟರ ಸಾವಿನ ಸುದ್ದಿಯನ್ನು ವೈಕುಂಠ ಸಮಾರಾಧನೆಯ ಕಾರ್ಡು ಬಂದ ಮೇಲೆಯೇ ನಂಬುವವರ ಶಿಸ್ತು ಇದು. ಗಾಳಿಸುದ್ದಿಗೆ ಕಿವಿಗೊಡುವ ಜಾಯಮಾನ ಅವರದಲ್ಲ.

ವಡೋದರಾದಲ್ಲಿರುವ ನಮ್ಮ ದಾವಣಗೆರೆ ಕಡೆಯ ಮಹನೀಯರೊಬ್ಬರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಹಗಲಿಡೀ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಒಂದು ಪಂಪಿನ ಬೇರಿಂಗ್ ಎರಡು ಡಿಗ್ರಿ ಬಿಸಿಯಾದರೂ ನೋಟ್ ಹಾಕಿ, ಮೀಟಿಂಗ್ ಕರೆದು, ಲೂಬ್ರಿಕೇಷನ್ ಚಾರ್ಟ್ ತರಿಸಿ ಕೆಳಗಿನವರ ಜೀವ ಹಿಂಡುವವರು. ಚೆನ್ನೈ ಟ್ರ್ಯಾಕಿನ ಪಿಟ್‌ನಲ್ಲಿ ಅವರ ಜೊತೆ ಬಂದಿದ್ದ ಹೆಂಡತಿಯ ತಮ್ಮ, ಆಟೊಮೊಬೈಲ್ ಡಿಪ್ಲೊಮಾ ಓದಿದ ಹುಡುಗ, ಬಾನೆಟ್ಟಿನ ಹತ್ತಿರ ಸುಳಿದಾಡುತ್ತ ಕೇಳಿದ:

‘ಭಾವ, ಆಯಿಲ್ ನೋಡಿದ್ರಾ?’

‘ಲೈಟ್ ಬಂದಿಲ್ಲಲ್ಲೋ.’

‘ಲೈಟ್ ಪ್ರೆಶರ್‌ದು ಭಾವ, ಲೆವೆಲ್‌ದಲ್ಲ. ಒಂದು ಸಲ ಡಿಪ್‌ಸ್ಟಿಕ್ ತೆಗೀಲಾ?’

‘ಸುಮ್ನಿರು, ಕೈ ಹೊಲಸಾಗ್ತತಿ. ಆಮೇಲೆ ಸ್ಟೇರಿಂಗಿಗೆಲ್ಲ ಹತ್ತುತ್ತೆ.’

ಅಲ್ಕಾಂತರಾ ಹೊದಿಕೆಯ ಸ್ಟೇರಿಂಗದು. ಅದರ ಮರ್ಯಾದೆ ಕಾಯಬೇಕಾದದ್ದು ಧರ್ಮವೇ.

ಈಗ ಟರ್ಬೊ ಎಂಬ ಯಂತ್ರದ ಗುಣಗಾನ ಸ್ವಲ್ಪ ಮಾಡದಿದ್ದರೆ ಮಹನೀಯರ ಸಾಹಸ ಅರ್ಥವಾಗದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯವದು: ಸೈಲೆನ್ಸರಿನಿಂದ ಸುಮ್ಮನೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಇನ್ನೊಂದು ಚಕ್ರ ತಿರುಗಿಸಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವುದು. ಪೆಟ್ರೋಲ್ ಎಂಜಿನ್ನನ್ನು ಟ್ರ್ಯಾಕಿನಲ್ಲಿ ಹಿಂಡುವಾಗ ಆ ಹೊಗೆ ಒಂಬೈನೂರು ಡಿಗ್ರಿ ದಾಟುತ್ತದೆ. ಸಣ್ಣ ಕಾರಿನ ಟರ್ಬೊದ ಶಾಫ್ಟು ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಬಹುಪಾಲು ಟರ್ಬೊಗಳಲ್ಲಿ ಆ ಶಾಫ್ಟನ್ನು ಹಿಡಿದಿಡಲು ಬಾಲ್ ಬೇರಿಂಗೂ ಇಲ್ಲ. ಅದು ತೇಲುವುದು ಆಯಿಲಿನ ಮೇಲೆ, ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ಸಂದಿಯಲ್ಲಿ. ಆ ಆಯಿಲೇ ಶಾಫ್ಟಿಗೆ ಹಾಸಿಗೆ, ಆ ಆಯಿಲೇ ತಂಪು. ಪಿಸ್ಟನ್, ಕ್ರ್ಯಾಂಕು, ಕ್ಯಾಮುಗಳ ಚಾಕರಿ ಮುಗಿಸಿ ಬಂದ ಅದೇ ನಾಲ್ಕು ಲೀಟರ್ ಚಿಲ್ಲರೆ ಆಯಿಲ್ ಇಲ್ಲೂ ದುಡಿಯಬೇಕು.

ಇದನ್ನು ತಿಳಿದ ಅಂಜುಬುರುಕರು ಕೊನೆಯ ಸುತ್ತನ್ನು ಮೆಲ್ಲಗೆ ಓಡಿಸುತ್ತಾರೆ. ಕೂಲ್‌ಡೌನ್ ಲ್ಯಾಪ್ ಎಂದು ಅದಕ್ಕೊಂದು ಹೆಸರು. ಪಿಟ್‌ಗೆ ಬಂದ ಮೇಲೂ ಒಂದೆರಡು ನಿಮಿಷ ಐಡಲಿನಲ್ಲಿ ಬಿಡುತ್ತಾರೆ, ಆಯಿಲ್ ಹರಿಯುತ್ತ ಟರ್ಬೊದ ಕಾವನ್ನು ಹೊತ್ತೊಯ್ಯಲಿ ಎಂದು. ನಮ್ಮ ಮಹನೀಯರು ಹಾಗಲ್ಲ. ಕೊನೆಯ ಸುತ್ತೇ ಅವರ ಅತಿವೇಗದ ಸುತ್ತು, ಏಕೆಂದರೆ ಹೆಂಡತಿ ಮಕ್ಕಳು ಮೊಬೈಲ್ ಹಿಡಿದು ನಿಂತಿರುವುದು ಆಗಲೇ. ಅದೇ ವೇಗದಲ್ಲಿ ಪಿಟ್ ಲೇನಿಗೆ ಬಂದು, ಬ್ರೇಕ್ ಒತ್ತಿ, ಬಟನ್ ಅಮುಕಿ ಎಂಜಿನ್ ಆಫ್. ಪಂಪು ನಿಂತಿತು, ಆಯಿಲ್ ನಿಂತಿತು. ಕಾವು ಮಾತ್ರ ನಿಲ್ಲಲಿಲ್ಲ. ಬೇರಿಂಗಿನ ಮನೆಯಲ್ಲಿ ಸಿಕ್ಕಿಕೊಂಡ ಆಯಿಲ್ ಅಲ್ಲೇ ಬೆಂದು, ಕರಕಲಾಗಿ, ಗೋಡೆಗೆ ಹತ್ತಿಕೊಂಡಿತು. ಇದು ಒಂದು ದಿನದ ಸಾಧನೆಯಲ್ಲ, ಪದರ ಪದರವಾಗಿ ಕಟ್ಟಬೇಕು. ಈಗಿನ ಕಾರುಗಳಲ್ಲಿ ಕೂಲೆಂಟ್ ಹರಿಸಿ ಟರ್ಬೊ ತಣಿಸುತ್ತಾರೆ. ಕೆಲವಕ್ಕೆ ಎಂಜಿನ್ ಆಫ್ ಆದ ಮೇಲೂ ತಿರುಗುವ ಎಲೆಕ್ಟ್ರಿಕ್ ಪಂಪು ಉಂಟು. ತಮ್ಮ ಕಾರಿನಲ್ಲಿ ಅದಿದೆಯೋ ಇಲ್ಲವೋ ಎಂದು ತಿಳಿಯುವ ಚಪಲವೂ ಇವರಿಗಿಲ್ಲ.

ಇದು ಇಂದು ನಿನ್ನೆಯ ಪರಂಪರೆಯಲ್ಲ. ಅಮೆರಿಕದ ಓಲ್ಡ್ಸ್‌ಮೊಬಿಲ್ ಕಂಪನಿ 1962ರಲ್ಲಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ಪ್ರಪಂಚದ ಮೊದಲ ಟರ್ಬೊ ಕಾರುಗಳಲ್ಲಿ ಅದೊಂದು. ಎಂಜಿನ್ ಟಕಟಕ ಬಡಿಯದಿರಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವಕ್ಕೊಂದು ಸಣ್ಣ ಟ್ಯಾಂಕು ಇಟ್ಟು, ಅದಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂದು ಹೆಸರಿಟ್ಟಿತು. ಮಾಲೀಕರು ಮಾಡಬೇಕಿದ್ದದ್ದು ಆ ಟ್ಯಾಂಕನ್ನು ಆಗಾಗ ತುಂಬುವುದು ಮಾತ್ರ. ಎಷ್ಟೋ ಜನ ತುಂಬಲಿಲ್ಲ. ಮರು ವರ್ಷಕ್ಕೇ ಕಾರು ನಿಂತಿತು. ಕೊನೆಗೆ ಕಂಪನಿಯೇ ಟರ್ಬೊ ಕಳಚಿ ಸಾದಾ ಕಾರ್ಬ್ಯುರೇಟರ್ ಹಾಕಿಕೊಡಬೇಕಾಯಿತು. ರಾಕೆಟ್ ಎಂದು ಹೆಸರಿಟ್ಟರೂ ತುಂಬದವರು, ಬರೀ ಆಯಿಲ್ ಎಂದರೆ ತುಂಬುತ್ತಾರೆಯೇ? 1977ರಲ್ಲಿ ರೆನೋ ಕಂಪನಿ ಸಿಲ್ವರ್‌ಸ್ಟೋನಿನಲ್ಲಿ ಫಾರ್ಮುಲಾ ಒನ್‌ಗೆ ಮೊದಲ ಟರ್ಬೊ ಕಾರು ಇಳಿಸಿದಾಗ ಅದು ಹೊಗೆಯುಗುಳುತ್ತ ನಿಲ್ಲುವುದನ್ನೇ ಅಭ್ಯಾಸ ಮಾಡಿಕೊಂಡು ‘ಹಳದಿ ಟೀಪಾಟ್’ ಎಂಬ ಬಿರುದು ಗಳಿಸಿತು. ಅವರ ಹತ್ತಿರ ಎಂಜಿನಿಯರುಗಳ ದಂಡೇ ಇತ್ತು. ನಮ್ಮವರು ಒಬ್ಬಂಟಿಯಾಗಿ, ಸ್ವಂತ ಖರ್ಚಿನಲ್ಲಿ ಅದೇ ಹೊಗೆ ಎಬ್ಬಿಸುತ್ತಾರೆ.

ಇವರ ಗಣಿತವೂ ದೊಡ್ಡದು. ವಿಂಡ್‌ಶೀಲ್ಡಿನ ಮೂಲೆಯಲ್ಲಿ ಸರ್ವೀಸಿನವರು ಅಂಟಿಸಿದ ಚೀಟಿ ಇರುತ್ತದೆ: ಮುಂದಿನ ಆಯಿಲ್ ಬದಲಾವಣೆ ಹತ್ತು ಸಾವಿರ ಕಿಲೋಮೀಟರಿಗೆ. ಟ್ರ್ಯಾಕಿನಲ್ಲಿ ಓಡಿದ್ದು ಅರುವತ್ತೋ ಎಂಬತ್ತೋ ಕಿಲೋಮೀಟರ್. ‘ಅಷ್ಟಕ್ಕೇ ಆಯಿಲ್ ಬದಲಿಸಬೇಕಾ?’ ಎಂದು ಅಹಮದಾಬಾದಿನ ಷೇರು ವ್ಯವಹಾರದ ಮಹನೀಯರೊಬ್ಬರು ನನ್ನನ್ನೇ ಕೇಳಿದರು. ಬಡ್ಡಿಯ ಮೇಲಿನ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವವರು ಅವರು. ಊರೊಳಗೆ ನೂರರ ಆಸುಪಾಸಿನಲ್ಲಿರುವ ಆಯಿಲಿನ ಬಿಸಿ ಟ್ರ್ಯಾಕಿನಲ್ಲಿ ನೂರಮೂವತ್ತು, ನೂರನಲವತ್ತು ಡಿಗ್ರಿಗೆ ಏರುತ್ತದೆ, ಆ ಅರುವತ್ತು ಕಿಲೋಮೀಟರಿನ ಸವೆತ ಚೀಟಿಯ ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ‘ಟೆನ್ಷನ್ ನಹೀ ಲೇವಾನು’ ಎಂದು ಬೆನ್ನು ತಟ್ಟಿದರು. 2016ರ ಮೇ 20ರಂದು 48 ಡಿಗ್ರಿ ಕಂಡ ಊರಿನವರು. ಬಿಸಿಯ ಬಗ್ಗೆ ಅವರಿಗೆ ಪಾಠ ಹೇಳಲು ನಾನ್ಯಾರು?

ಆಯಿಲ್ ಆರಿಸುವ ವಿಚಾರದಲ್ಲಿ ಸೂರತ್ತಿನವರ ಸೂಕ್ಷ್ಮವೇ ಬೇರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕಣ್ಣಿಗಿಟ್ಟು, ವಜ್ರದೊಳಗಿನ ಸಾಸಿವೆಗಿಂತ ಸಣ್ಣ ಕಲೆ ಹಿಡಿದು ಬೆಲೆ ಅರ್ಧ ಇಳಿಸುವ ಜನ. ಅದೇ ಕಣ್ಣು ಆಯಿಲ್ ಡಬ್ಬದ ಹಿಂಬದಿಗೆ ಹೋಗುವುದಿಲ್ಲ. ಮುಂದುಗಡೆ ‘ಫುಲ್ಲಿ ಸಿಂಥೆಟಿಕ್’ ಎಂದಿದ್ದರೆ, ಡಬ್ಬದ ಬಣ್ಣ ಕಾರಿಗೆ ಒಪ್ಪಿದರೆ ಮುಗಿಯಿತು. ಹಿಂದೆ ಸಣ್ಣಕ್ಷರದಲ್ಲಿರುವ ಸಂಗತಿ ಅಷ್ಟೇನೂ ಗಹನವಲ್ಲ. ನೂರೈವತ್ತು ಡಿಗ್ರಿಯಲ್ಲಿ ಹಿಂಡಿದಾಗ ಆಯಿಲಿನ ದಪ್ಪ ಎಷ್ಟು ಉಳಿಯಬೇಕೆಂದು ಎಸ್‌ಎಇ ನಿಯಮವಿದೆ: 0ಡಬ್ಲ್ಯು-20ಕ್ಕೆ ಕನಿಷ್ಠ 2.6, 5ಡಬ್ಲ್ಯು-40ಕ್ಕೆ ಕನಿಷ್ಠ 3.5. ಮೈಲೇಜಿಗೆಂದು ಕಂಪನಿ ತೆಳ್ಳಗಿನ ಆಯಿಲ್ ಹೇಳಿರುತ್ತದೆ. ಅದೇ ಕಂಪನಿ ಮ್ಯಾನ್ಯುಯಲ್ಲಿನ ಇನ್ನೊಂದು ಪುಟದಲ್ಲಿ ಬಿಸಿಗೆ, ಭಾರಕ್ಕೆ ಯಾವ ದಪ್ಪದ್ದಾಗುತ್ತದೆಂದೂ ಎಷ್ಟೋ ಸಲ ಬರೆದಿರುತ್ತದೆ. ನೇರ ಇಂಜೆಕ್ಷನ್ನಿನ ಸಣ್ಣ ಟರ್ಬೊಗಳು ಕಡಿಮೆ ಆರ್‌ಪಿಎಂನಲ್ಲಿ ಅಕಾಲ ಸ್ಫೋಟಕ್ಕೆ ಗುರಿಯಾಗುತ್ತವೆಂದು 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯೂ ಡಬ್ಬದ ಮೇಲೆ ದುಂಡಗೆ ಅಚ್ಚಾಗಿರುತ್ತದೆ. ಇವನ್ನೆಲ್ಲ ಓದಲು ಲೂಪ್ ಬೇಕಿಲ್ಲ. ಬಹುಶಃ ಅದಕ್ಕೇ ಓದುವುದಿಲ್ಲ.

ಡಿಪ್‌ಸ್ಟಿಕ್ ಮುಟ್ಟುವವರೂ ಇಲ್ಲವೆಂದಲ್ಲ. ಅವರಲ್ಲಿ ಇಬ್ಬಗೆ. ಮೊದಲನೆಯವರು ಬಿಸಿ ಎಂಜಿನ್ ನಿಂತ ಕ್ಷಣವೇ, ಪಿಟ್‌ನ ಇಳಿಜಾರಿನಲ್ಲೇ ಕಡ್ಡಿ ಎಳೆದು, ಒರೆಸದೆ ನೋಡಿ ‘ಬರೋಬ್ಬರ್ ಛೇ’ ಎನ್ನುವವರು. ಕಡ್ಡಿಯಲ್ಲಿ ಮಟ್ಟ ಮೊದಲಿಗಿಂತ ಏರಿದ್ದರಂತೂ ಹಿಗ್ಗು ಹೇಳತೀರದು. ಉರಿಯದ ಪೆಟ್ರೋಲು ರಿಂಗುಗಳ ಪಕ್ಕದಿಂದ ಇಳಿದು ಆಯಿಲಿಗೆ ಬೆರೆತರೂ ಮಟ್ಟ ಏರುತ್ತದೆ, ಆಯಿಲ್ ನೀರಾಗುತ್ತದೆ ಎಂದು ಹೇಳಿ ಆ ಹಿಗ್ಗನ್ನು ಕೆಡಿಸುವ ಪಾಪಿ ಯಾರು? ಎರಡನೆಯವರು ಉದಾರಿಗಳು, ಟ್ರ್ಯಾಕಿಗೆ ಹೋಗುತ್ತಿದ್ದೇವಲ್ಲ ಎಂದು ಮೇಲಿನ ಗೆರೆ ದಾಟಿಸಿ ಮತ್ತೊಂದು ಲೀಟರ್ ಸುರಿಯುವವರು. ಕ್ರ್ಯಾಂಕು ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಪಂಪು ನೊರೆ ಕುಡಿಯುತ್ತದೆ, ಬೇರಿಂಗಿಗೆ ಗುಳ್ಳೆ ಬಡಿಸುತ್ತದೆ. ಮಿಕ್ಕಿದ್ದು ಬ್ರೀದರ್ ಪೈಪಿನಿಂದ ಟರ್ಬೊ ಬಾಯಿಗೆ ಹೋಗಿ, ಇಂಟರ್‌ಕೂಲರಿನಲ್ಲಿ ಕೆರೆಗಟ್ಟಿ, ಹಿಂದಿನಿಂದ ನೀಲಿ ಹೊಗೆಯಾಗಿ ಬರುತ್ತದೆ. ಗ್ಯಾಲರಿಯಲ್ಲಿ ಶಿಳ್ಳೆ ಬೀಳುವುದು ಆಗಲೇ.

ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಯ 93 ಕಿಲೋಮೀಟರಿನಲ್ಲಿ ತಿರುವೆಂದು ಕರೆಯುವಂಥದ್ದು ಹುಡುಕಬೇಕು. ನೆಟ್ಟಗಿನ ದಾರಿಯಲ್ಲಿ ಚೇಂಬರಿನ ಆಯಿಲ್ ಚೇಂಬರಿನಲ್ಲೇ ಕೂತಿರುತ್ತದೆ, ಪಂಪಿನ ಬಾಯಿ ಅದರಲ್ಲಿ ಮುಳುಗಿರುತ್ತದೆ. ಆ ದಾರಿಯಲ್ಲಿ ಗಳಿಸಿದ ಆತ್ಮವಿಶ್ವಾಸ ಹೊತ್ತು ಕೊಯಮತ್ತೂರಿಗೆ ಹೋಗಿ ಅಗಲದ ಟೈರಿನಲ್ಲಿ ಬಲಕ್ಕೆ ತಿರುಗಿಸಿದರೆ, ಆಯಿಲ್ ಎಡಗೋಡೆ ಹತ್ತಿ ನಿಲ್ಲುತ್ತದೆ. ಒಂದೆರಡು ಸೆಕೆಂಡು ಪಂಪಿಗೆ ಗಾಳಿಯೇ ಗತಿ. ಕೆಂಪು ದೀಪ ಮಿಣುಕಿದರೂ ಯಾರು ನೋಡುತ್ತಾರೆ, ಕಣ್ಣು ತಿರುವಿನ ಅಂಚಿನಲ್ಲಿರುವಾಗ? ಇದಕ್ಕೆ ಚೇಂಬರಿನೊಳಗೆ ಬ್ಯಾಫಲ್ ಎಂಬ ತಗಡಿನ ಅಡ್ಡಗೋಡೆಗಳನ್ನು ಕೂರಿಸುತ್ತಾರೆ, ಕಮ್ಮಿ ಖರ್ಚಿನಲ್ಲಿ. ಆಯಿಲ್ ಕೂಲರನ್ನೂ ಹಾಕುತ್ತಾರೆ, ಕೊಂಚ ಹೆಚ್ಚು ಖರ್ಚಿನಲ್ಲಿ. ಆದರೆ ತಗಡು ಒಳಗಿರುತ್ತದೆ, ಫೋಟೊದಲ್ಲಿ ಬರುವುದಿಲ್ಲ. ಅದೇ ದುಡ್ಡಿಗೆ ‘ಪಿಶ್’ ಎನ್ನುವ ವಾಲ್ವು, ಗುಡುಗುವ ಸೈಲೆನ್ಸರು, ಬಾಗಿಲ ಮೇಲೆ ತಾನು ಬಳಸದ ಆಯಿಲ್ ಕಂಪನಿಯ ಸ್ಟಿಕ್ಕರು ಬರುತ್ತವೆ.

ಇವರ ಪರೋಪಕಾರವನ್ನೂ ದಾಖಲಿಸಬೇಕು. ಕೊನೆಗೊಂದು ದಿನ ಎಂಜಿನ್ ಬಾಯಿಬಿಟ್ಟು ಆಯಿಲೆಲ್ಲ ಟ್ರ್ಯಾಕಿನ ಮೇಲೆ ಚೆಲ್ಲಿದಾಗ ಕೆಂಪು ಬಾವುಟ ಏರುತ್ತದೆ, ಎಲ್ಲರ ಓಟ ನಿಲ್ಲುತ್ತದೆ. ಮಾರ್ಷಲ್‌ಗಳು ಪುಡಿ ಎರಚಿ ಗುಡಿಸಿ ಬಳಿಯುವ ತನಕ ಉಳಿದವರ ಕಾರುಗಳಿಗೆ ಕಡ್ಡಾಯ ವಿಶ್ರಾಂತಿ. ಅಂದು ಎಷ್ಟೋ ಟರ್ಬೊಗಳು ತಣ್ಣಗಾಗಿ ಬದುಕಿಕೊಳ್ಳುವುದು ಇವರೊಬ್ಬರ ತ್ಯಾಗದಿಂದ.

ದಾವಣಗೆರೆಯ ಮಹನೀಯರ ಎಂಜಿನ್ ವಡೋದರಾದ ಗ್ಯಾರೇಜಿನ ಮೇಜಿನ ಮೇಲೆ ಬಿಚ್ಚಿಟ್ಟಿದ್ದಾಗ ನಾನೂ ಜೊತೆಗೆ ಹೋಗಿದ್ದೆ. ಮೆಕ್ಯಾನಿಕ್ ಮೊದಲು ಆಯಿಲ್ ಫಿಲ್ಟರನ್ನು ಗರಗಸದಲ್ಲಿ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಬಿಡಿಸಿ ಹಿಡಿದ. ಮಡಿಕೆ ಮಡಿಕೆಯಲ್ಲೂ ಚಿನ್ನದ ಬಣ್ಣದ ಮಿನುಗು. ಮಹನೀಯರು ‘ಅರೆ ವಾಹ್’ ಎಂದು ಮೊಬೈಲ್ ತೆಗೆದು ಫೋಟೊ ಹೊಡೆದರು. ಆಮೇಲೆ ಆತ ಕನೆಕ್ಟಿಂಗ್ ರಾಡಿನ ಬೇರಿಂಗ್ ಚಿಪ್ಪನ್ನು ಅಂಗೈ ಮೇಲಿಟ್ಟು ತೋರಿಸಿದ. ಬೂದು ಬಣ್ಣಕ್ಕಿರಬೇಕಾದ ಮೈ ಸವೆದು ಕೆಳಗಿನ ತಾಮ್ರ ಕಾಣುತ್ತಿತ್ತು. ಫಿಲ್ಟರಿನ ಚಿನ್ನ ಎಲ್ಲಿಂದ ಬಂತೆಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಟರ್ಬೊದ ಶಾಫ್ಟು ಬೆರಳಲ್ಲಿ ಅಲ್ಲಾಡಿಸಿದರೆ ಟಕ್ ಟಕ್ ಎನ್ನುತ್ತಿತ್ತು. ಆಯಿಲ್ ಹಿಂದಿರುಗುವ ಪೈಪಿನೊಳಗೆ ಸ್ಕ್ರೂಡ್ರೈವರ್ ತಿರುವಿದಾಗ ಕರಿಯ ಚಕ್ಕೆಗಳು ಮೇಜಿನ ಮೇಲೆ ಉದುರಿದವು.

‘ಕಂಪನಿ ಫಾಲ್ಟ್’ ಎಂದರು ಮಹನೀಯರು. ವಾರಂಟಿ ಪುಸ್ತಕದಲ್ಲಿ ರೇಸಿಗೆ ಬಳಸಿದರೆ ಇಲ್ಲ ಎಂದು ಬರೆದಿತ್ತು. ಅದನ್ನು ಬರೆದವರಿಗೆ ಕ್ರೀಡಾ ಮನೋಭಾವವಿಲ್ಲ ಎಂಬುದು ಅವರ ಅಭಿಪ್ರಾಯ. ಬೇಜಾರೇನೂ ಕಾಣಲಿಲ್ಲ. ಹೇಗೂ ಬಿಚ್ಚಿದೆಯಲ್ಲ, ಇನ್ನೂ ದೊಡ್ಡ ಟರ್ಬೊ ಹಾಕಿಬಿಡು, ರೀಮ್ಯಾಪ್ ಸ್ಟೇಜ್ ಎರಡು ಮಾಡು ಎಂದು ಅಲ್ಲೇ ಅಡ್ವಾನ್ಸ್ ಕೊಟ್ಟರು.

ಮೆಕ್ಯಾನಿಕ್ ಕೈ ಒರೆಸಿಕೊಂಡು, ಬಹಳ ವಿನಯದಿಂದ ಕೇಳಿದ: ‘ಸಾಹೇಬ್, ಹಾಗೇ ಆಯಿಲ್ ಪ್ರೆಶರ್‌ದು, ಟೆಂಪರೇಚರ್‌ದು ಎರಡು ಮೀಟರ್ ಹಾಕಿಬಿಡಲಾ? ಈ ಖರ್ಚಿನ ಮುಂದೆ ಅದು ಏನೂ ಅಲ್ಲ.’

‘ಬ್ಯಾಡಪ್ಪ,’ ಎಂದರು ಮಹನೀಯರು. ‘ಅದನ್ನ ನೋಡ್ಕೋತ ಓಡ್ಸಿದ್ರೆ ಸುಮ್ನೆ ಹೆದ್ರಿಕಿ ಆಗ್ತತಿ.’